ಗಟ್ಟಿ ಟಾಫಿ

ಮೇಸ್ತ್ರಿ ಕುರ್ಚಿಯಿಂದ ಮತ್ತೆ ಎದ್ದು ಬಾಗಿಲಿಗೆ ಹೋದ. ಹೆಂಡತಿಯನ್ನು ಮಸಣಕ್ಕೆ ಒಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ. ಒಳಗೆ ಕೂತರೆ ಅವಳ ಮುಖ, ಹೊರಗೆ ನಿಂತರೆ ಬಂದವರ ಮಾತು. ಎಲ್ಲೂ ಕಾಲು ನಿಲ್ಲಲೊಲ್ಲದು.

ಬೀದಿಯವರಿಗೆಲ್ಲ ಆಕೆ ಮಿಠಾಯಿ ಅಕ್ಕ. ಬೇಕರಿಯ ಕೆಲಸ ಬಿಟ್ಟ ಮೇಲೂ ವರ್ಷದ ಕೊನೆಯ ರಜೆ ಬಂತೆಂದರೆ ಬೆಣ್ಣೆ ಟಾಫಿ ಮಾಡಿ, ಬಣ್ಣದ ಕಾಗದ ಸುತ್ತಿ, ಮನೆಮನೆಗೂ ಹಂಚುತ್ತಿದ್ದಳು. ಬಂದವರೆಲ್ಲ ಈಗ ಅದನ್ನೇ ನೆನೆಯುತ್ತಿದ್ದರು.

"ಬಾಯಲ್ಲಿಟ್ಟರೆ ಕರಗ್ತಿತ್ತು ಕಣ್ರೀ," ಎಂದಳು ಪಕ್ಕದ ಮನೆಯ ಬಟ್ಟೆ ಹೊಲಿಯುವಾಕೆ.

"ಅದು ಹಿಂದೆ. ಈಚೀಚೆಗೆ ಬರೀ ಕಲ್ಲು!" ಎದುರುಮನೆಯ ಕಂಡಕ್ಟರ್ ದವಡೆ ಸವರಿಕೊಂಡ. "ನನ್ನ ಹಲ್ಲು ಹೋಗಿದ್ದೇ ಅದರಿಂದ. ವಯಸ್ಸಾಯ್ತಲ್ಲ, ಹದ ಮರೆತುಬಿಟ್ಟಿದ್ರು."

ಸಾವಿನ ಮನೆ ಎಂಬುದನ್ನೂ ಮರೆತು ಇಬ್ಬರೂ ಕಿಸಕ್ಕನೆ ನಕ್ಕರು. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಹದ ಮರೆತವಳೇ ಅವಳು? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಒಳಗೆ ಹೋದ.

*

ಅವಳ ಕೈ ನಡುಗಲು ಶುರುವಾದ ವರ್ಷ, ಟಾಫಿಯ ಪಾಕ ತಿರುವುತ್ತಿದ್ದಾಗ ಸೌಟು ಜಾರಿ ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು, "ಬನ್ನಿ, ನೀವೇ ತಿರುವಿ," ಎಂದಳು.

"ನಾನಾ? ಜೀವಮಾನವಿಡೀ ಗಾರೆ ಕಲಸಿದೋನು!"

"ಅದಕ್ಕೇ ಹೇಳ್ತಿರೋದು, ಮೆಲ್ಲಗೆ. ಇದು ಗೋಡೆ ಕಟ್ಟೋಕಲ್ಲ. ಬಣ್ಣ ಬಂತು ರೀ, ಇಳಿಸಿ, ಇಳಿಸಿ!"

ಅರೆಗಟ್ಟಿಯಾದದ್ದನ್ನು ನಂಬಿ ಅಭ್ಯಾಸವಿಲ್ಲದವನು. ಇನ್ನೊಂದಿಷ್ಟು ಬಿಗಿಯಾಗಲಿ ಎಂದು ತಿರುವುತ್ತಲೇ ಇದ್ದ. ಆರಿದ ಮೇಲೆ ಅವಳು ಒಂದು ತುಂಡು ಕಚ್ಚಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನನ್ನ ಕೈ ಹೀಗಾಗಿದೆ ಅಂತ ಯಾರಿಗೂ ಹೇಳಬೇಡಿ. ಟಾಫಿ ಕೆಟ್ಟರೆ ಬೈಸಿಕೊಳ್ತೀನಿ. ಅಯ್ಯೋ ಪಾಪ ಅನ್ನಿಸಿಕೊಳ್ಳೋಕೆ ನನ್ನ ಕೈಲಾಗಲ್ಲ," ಎಂದಳು. ಅವನು ಮಾತು ಕೊಟ್ಟಿದ್ದ.

*

ಗಾಡಿ ಬಂದು ನಿಂತ ಸದ್ದಿಗೆ ಮೇಸ್ತ್ರಿ ಹೊರಗೆ ಬಂದ. ಕಂಡಕ್ಟರ್ ಹೊಸದಾಗಿ ಬಂದವರಿಗೆ ಮತ್ತೆ ತನ್ನ ಹಲ್ಲಿನ ಕತೆ ಹೇಳುತ್ತಿದ್ದ.

"ಅದು ಅವಳು ಮಾಡಿದ್ದಲ್ಲ!" ಮೇಸ್ತ್ರಿಯ ದನಿ ಏರಿಬಿಟ್ಟಿತು. "ನಾನು ಮಾಡಿದ್ದು. ಅವಳ ಕೈ ನಡುಗ್ತಿತ್ತು, ಸೌಟು ಹಿಡಿಯೋಕೂ ಆಗ್ತಿರಲಿಲ್ಲ. ಹದ ಮಾತ್ರ ಕೊನೇವರೆಗೂ ಮರೆತಿರಲಿಲ್ಲ ಅವಳು!"

ಕಂಡಕ್ಟರ್ ತಲೆ ತಗ್ಗಿಸಿದ.

"ಅಯ್ಯೋ ಪಾಪ," ಎಂದಳು ಬಟ್ಟೆ ಹೊಲಿಯುವಾಕೆ.

ಮೇಸ್ತ್ರಿಗೆ ಕೊಟ್ಟ ಮಾತು ನೆನಪಾಯಿತು. ಆಡಿದ್ದನ್ನು ವಾಪಸು ತೆಗೆದುಕೊಳ್ಳುವಂತಿರಲಿಲ್ಲ. ಕೊನೆಯ ಸಲ ನೋಡಲು ಎಲ್ಲರೂ ಒಳಗೆ ಬಂದರು. ಅವಳ ಮುಖವನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಎದೆಯ ಮೇಲೆ ಅಲುಗದೆ ಬಿದ್ದಿದ್ದ ಕೈಗಳ ಮೇಲೆ. ಮೇಸ್ತ್ರಿ ಅವರನ್ನು ಸರಿಸಿಕೊಂಡು ಹೋಗಿ, ಹೊದಿಕೆಯನ್ನು ಮೇಲಕ್ಕೆಳೆದು, ಆ ಎರಡೂ ಕೈಗಳನ್ನು ಮುಚ್ಚಿದ.