ವಿಭೂತಿ ಹಚ್ಚಿದ ಸಿಡಿ

ದುರ್ಗದಬೈಲಿನ ಒಳಓಣಿಯಲ್ಲಿ, ಬಳೆ ಅಂಗಡಿಗೂ ಪಾತ್ರೆ ಅಂಗಡಿಗೂ ನಡುವೆ ಸಿಕ್ಕಿಕೊಂಡಿದ್ದ ಆ ರಿಪೇರಿ ಅಂಗಡಿಯ ಬೋರ್ಡಿನ ಮೇಲೆ ಮೊದಲು ‘ರೇಡಿಯೋ’ ಎಂದಷ್ಟೇ ಇತ್ತು. ಆಮೇಲೆ ‘ಟೇಪ್’ ಸೇರಿತು, ‘ಟಿ.ವಿ.’ ಸೇರಿತು. ‘ಕಂಪ್ಯೂಟರ್’ ಬರುವ ಹೊತ್ತಿಗೆ ಬೋರ್ಡಿನಲ್ಲಿ ಜಾಗ ಮುಗಿದಿತ್ತು. ಪೇಂಟರ್ ಅದನ್ನು ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಅಕ್ಷರ ಇಳಿಸಿ ಬರೆದ. ಓದುವವರು ಕತ್ತು ವಾಲಿಸದೆ ಓದಬಹುದು, ಉಸಿರು ಮಾತ್ರ ನಡುವೆ ಒಮ್ಮೆ ತೆಗೆದುಕೊಳ್ಳಬೇಕು.

ಅಂಗಡಿ ಇಬ್ಬರದು. ಗಿರಾಕಿಗಳ ಜೊತೆ ಮಾತಾಡುವ ಕೆಲಸ ಲಕ್ಕಪ್ಪನದು, ಒಳಗೆ ಟೇಬಲ್ಲಿನ ಮುಂದಿನ ಸ್ಟೂಲಿನ ಮೇಲೆ ಕೂತು ಬಿಚ್ಚುವ, ಜೋಡಿಸುವ ಕೆಲಸ ಅಬ್ದುಲಗನಿಯದು. ಆ ಸ್ಟೂಲಿನ ಮೇಲೆ ಮೂವತ್ತು ವರ್ಷ ಇನ್ನೊಬ್ಬರು ಕೂತಿರಲಿಲ್ಲ. ಗನಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ ಮಾತು, ಅದನ್ನು ಅವನು ಗಿರಾಕಿಗೆ, ಚಹಾದವನಿಗೆ, ಮದುವೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಅಪರಿಚಿತನಿಗೆ ಕೂಡ ಹೇಳುತ್ತಿದ್ದ: “ನಮ್ಮ ಅಂಗಡಿಗೆ ಬಂದ ಮಷೀನು ಒಂದೂ ಚಾಲೂ ಆಗದ ವಾಪಸ್ ಹೋಗಿಲ್ಲ.”

“ಖರೇ ಐತ್ರಿ,” ಎಂದು ಲಕ್ಕಪ್ಪ ಸೇರಿಸುತ್ತಿದ್ದ. “ಕಾಯ್ದು ಕಾಯ್ದು ಮಾಲಕರು ಹೋಗ್ಯಾರ, ಮಷೀನು ಹೋಗಿಲ್ಲ.”

2007ರ ದಸರೆಗೆ ನಾಲ್ಕು ದಿನ ಮೊದಲು, ಅಮ್ಮಿನಬಾವಿಯ ವಾಚನಾಲಯದ ಕಾರ್ಯದರ್ಶಿ ಶಿದ್ದಪ್ಪ ಮಾಸ್ತರರು ಟೆಂಪೋದಲ್ಲಿ ಒಂದು ಹೊಸ ಕಂಪ್ಯೂಟರ್ ಇಳಿಸಿದರು. ಊರಿನ ಹುಡುಗಿಯರಿಗೆ ಕನ್ನಡ ಟೈಪಿಂಗ್ ಕಲಿಸುವ ಯೋಜನೆ. ಟೈಪಿಂಗ್ ಕಲಿಸುವ ಪ್ರೋಗ್ರಾಂ ನಡೆಯುವುದು ವಿಂಡೋಸ್ ಎಕ್ಸ್‌ಪಿಯ ಮೇಲೆ ಮಾತ್ರ. ಹಳೆಯ ಕಂಪ್ಯೂಟರಿನ ಜೊತೆ ಬಂದಿದ್ದ ಅಸಲಿ ಸಿಡಿ ಮಾಸ್ತರರ ಹತ್ತಿರವೇ ಇತ್ತು, ಧೋತರದ ಅಂಚಿನಲ್ಲಿ ಸುತ್ತಿ ತಂದಿದ್ದರು. ಹೊಸ ಮಷೀನು ಖಾಲಿ.

“ಹಾಕಿ ಕೊಡ್ರಿ ಗನಿಸಾಬ್ರ. ಆಯತವಾರ ದಸರಾ, ಹನ್ನೊಂದಕ್ಕ ಉದ್ಘಾಟನಾ. ಪತ್ರಿಕಾ ಹಂಚೀವಿ.”

“ಚಹಾ ಕುಡೀರಿ ಮಾಸ್ತರ. ಕುಡಿಯೂದರಾಗ ಆಕ್ಕೈತಿ,” ಎಂದ ಗನಿ.

ಚಹಾ ಮುಗಿಯಿತು. ಪರದೆ ನೀಲಿಯಾಗಿ, ಬಿಳಿ ಅಕ್ಷರಗಳು ಸಾಲಾಗಿ ಓಡಿ, ಕೊನೆಗೆ ನಿಂತವು. ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಯಾವುದೂ ಇಲ್ಲ, ಮುಂದುವರಿಯಲಾಗದು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಗನಿ ಡಬ್ಬಿ ಬಿಚ್ಚಿ ಹಾರ್ಡ್ ಡಿಸ್ಕಿನ ಮೇಲೆ ಅಂಗೈ ಇಟ್ಟ.

“ತಿರಗಾಕತ್ತೈತಿ ನೋಡ್ರಿ! ಬೆಚ್ಚಗ ಐತಿ. ಇದ್ದದ್ದನ್ನ ಇಲ್ಲ ಅಂತೈತಿ ಬದ್ಮಾಷ್!”

ಮಾಸ್ತರರು ಎರಡನೇ ಚಹಾ ಕುಡಿದರು, ಮೂರನೆಯದಕ್ಕೆ ಬೇಡವೆಂದರು. ಹೋಗುವಾಗ ತುಸು ಸಂಕೋಚದಿಂದ ಹೇಳಿದರು: “ಇದನ್ನ ಮಾರಿದಾಂವ ಹೇಳ್ಯಾನ್ರಿ, ದಸರಾದೊಳಗ ಚಾಲೂ ಆಗಲಿಲ್ಲ ಅಂದ್ರ ವಾಪಸ್ ತಗೋತೀನಿ ಅಂತ. ನಿಮಗ ತ್ರಾಸ ಅಂದ್ರ ವಾಪಸ್ ಕೊಟ್ಟಬಿಡ್ತೀವಿ.”

‘ವಾಪಸ್’ ಎಂಬ ಶಬ್ದ ಆ ಅಂಗಡಿಯಲ್ಲಿ ಆಡಬಾರದ ಶಬ್ದವೆಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಗನಿಯ ಮುಖ ನೋಡಿ ಲಕ್ಕಪ್ಪನೇ ಅವರನ್ನು ಟೆಂಪೋ ಹತ್ತಿಸಿ ಬಂದ.

ಮರುದಿನ ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ತಂದ ಅಲ್ಫಿಯಾ ತೆರೆದ ಮಷೀನಿನ ಮುಂದೆ ನಿಂತಳು. ಗನಿಯ ಒಬ್ಬಳೇ ಮಗಳು, ಪಾಲಿಟೆಕ್ನಿಕ್‌ನಲ್ಲಿ ಕೊನೆಯ ವರ್ಷ. ಅಪ್ಪ ಮಗಳ ಮನೆಮಾತು ಉರ್ದು. ಕಂಪ್ಯೂಟರಿನ ವಿಷಯ ಬಂದರೆ ಮಾತ್ರ ಯಾಕೋ ಇಬ್ಬರೂ ಕನ್ನಡಕ್ಕೆ ಇಳಿಯುತ್ತಿದ್ದರು, ಜಗಳವಾದರೆ ಲಕ್ಕಪ್ಪನೂ ಕೇಳಲಿ ಎಂದಿರಬೇಕು.

“ಅಬ್ಬಾ, ಡಿಸ್ಕಿನ ತಪ್ಪಲ್ಲ ಇದು. ಡಿಸ್ಕಿಗೂ ಬೋರ್ಡಿಗೂ ನಡುವ ಒಂದು ಚಿಪ್ ಇರತೈತಲ್ಲ, ಕಂಟ್ರೋಲರ್ ಅಂತ. ಅದು ಹೊಸಾದು. ಸಿಡಿ ಆರು ವರ್ಷ ಹಳೇದು. ಈ ಚಿಪ್ ಹುಟ್ಟೂಕಿಂತ ಮೊದಲಿಂದು. ಅದಕ್ಕ ಇದರ ಗುರ್ತು ಹೆಂಗ ಸಿಗಬೇಕು?”

“ಗುರ್ತು ಮಾಡಿಸಿದ್ರಾತು.”

“ಅದಕ್ಕ ಡ್ರೈವರ್ ಅಂತಾರ. ಫ್ಲಾಪಿಯೊಳಗ ಕೊಡು ಅಂತ ಕೇಳತೈತಿ. ಇದಕ್ಕ ಫ್ಲಾಪಿ ಹಾಕೂ ಜಾಗಾನ ಇಲ್ಲ.”

“ಸೆಟ್ಟಿಂಗ್‌ನಾಗ ಹಳೇ ಪದ್ಧತಿಗೆ ತಿರುವಾಕ ಬರೂದಿಲ್ಲ?”

“ನೋಡೀನಿ. ಈ ಬೋರ್ಡಿನಾಗ ಅದನ್ನ ಕೊಟ್ಟಿಲ್ಲ. ಡ್ರೈವರನ್ನ ಸಿಡಿಯೊಳಗ ಸೇರಿಸಿ ಹೊಸಾ ಸಿಡಿ ಮಾಡಬೇಕು. ಮಾಡಬಹುದು, ನಾ ಓದೀನಿ.” ಅವಳು ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ನಂಬರ್ ನೋಡಿ ಅಂಗೈ ಮೇಲೆ ಬರೆದುಕೊಂಡಳು. “ಡ್ರೈವರಿನ ಪಟ್ಟಿಯೊಳಗ ಏಳು ಹೆಸರು ಬರ್ತಾವು. ಈ ನಂಬರಿಂದೇ ಆರಿಸಬೇಕು.”

“ಕಾಗದದ ಮ್ಯಾಲ ಬರದು ಕೊಟ್ಟು ನೀ ಕಾಲೇಜಿಗೆ ನಡಿ. ಮುಂದಿಂದು ನಾ ಮಾಡ್ತೀನಿ.”

ಅವಳು ಬರೆದು ಕೊಟ್ಟಳು, ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್ ಇಳಿಸಿ ಪೆನ್ ಡ್ರೈವಿನಲ್ಲಿ ತಂದೂ ಕೊಟ್ಟಳು. ಗನಿ ಸ್ಟೂಲಿನ ಮೇಲೆ ಕೂತ. ಅಂಗಡಿಯಲ್ಲಿದ್ದ ಖಾಲಿ ಸಿಡಿ ಮೂರು.

ಮೊದಲನೆಯದರಲ್ಲಿ ಅವನು ಎಲ್ಲವನ್ನೂ ಒಪ್ಪವಾಗಿ ನಕಲು ಮಾಡಿದ, ಆದರೆ ಕಂಪ್ಯೂಟರ್ ಆ ಸಿಡಿಯಿಂದ ಏಳಲೇ ಇಲ್ಲ. ಫೈಲುಗಳನ್ನು ಹಾಕಿದರೆ ಸಾಲದು, ಮಷೀನನ್ನು ಎಬ್ಬಿಸುವ ಭಾಗವನ್ನೂ ಬೇರೆಯಾಗಿ ಹಾಕಬೇಕು ಎಂಬುದು ಮಗಳ ಕಾಗದದ ಹಿಂಬದಿಯಲ್ಲಿತ್ತು. ಗನಿ ಕಾಗದ ತಿರುವಿರಲಿಲ್ಲ. ಎರಡನೆಯದು ಎದ್ದಿತು. ಆದರೆ ಏಳು ಹೆಸರುಗಳಲ್ಲಿ ಅವನು ಎಲ್ಲಕ್ಕಿಂತ ಮೇಲಿನದನ್ನು ಆರಿಸಿದ್ದ.

“ಮ್ಯಾಲಿಂದು ಯಾಕ ಆರಿಸ್ದಿ?” ಎಂದು ಲಕ್ಕಪ್ಪ ಕೇಳಿದ.

“ಮ್ಯಾಲ ಹಿರೇರನ್ನ ಬರದಿರ್ತಾರ.”

“ಇದೇನು ಲಗ್ನಪತ್ರಿಕಾ ಏನಲೇ?”

ಹಾರ್ಡ್ ಡಿಸ್ಕ್ ಮತ್ತೆ ಇಲ್ಲವೆಂದಾಯಿತು. ಉಳಿದದ್ದು ಒಂದು ಸಿಡಿ. ಗನಿ ಶುಕ್ರವಾರವಿಡೀ ಅದನ್ನು ಮುಟ್ಟಲಿಲ್ಲ. ಶನಿವಾರ, ಆಯುಧಗಳಿಗೆ ಮಾಡುವ ಖಂಡೆ ಪೂಜೆಯ ದಿನ, ಬೆಳಿಗ್ಗೆ ಏಳಕ್ಕೆ ಬಂದು, ಕಾಗದವನ್ನು ಎರಡೂ ಬದಿ ಓದಿ, ನಂಬರ್ ಹೊಂದಿಸಿ ಆರಿಸಿ, ಮೂರನೆಯದನ್ನು ತಯಾರಿಸಿದ. ಮಷೀನಿಗೆ ಹಾಕಿದ. ಅಕ್ಷರಗಳು ಓಡಿದವು. ನಿಂತವು. ಪರದೆಯ ಮೇಲೆ ಹಾರ್ಡ್ ಡಿಸ್ಕಿನ ಹೆಸರು, ಅದರ ಅಳತೆ, ಎಲ್ಲ ಬಂತು.

“ಲಕ್ಕಾ! ಸಿಕ್ತು!”

ಬಳೆ ಅಂಗಡಿಯವರೂ ಬಂದು ನೋಡಿದರು. ಏನು ಸಿಕ್ಕಿತೆಂದು ಅವರಿಗೆ ತಿಳಿಯದಿದ್ದರೂ ಗನಿಯ ಕೈ ಕುಲುಕಿದರು. ಅಷ್ಟರಲ್ಲಿ ಲಕ್ಕಪ್ಪನ ತಾಯಿ ಮುರಿಗೆವ್ವ ಹೂವಿನ ಬುಟ್ಟಿ, ವಿಭೂತಿ ಗಟ್ಟಿ, ಕುಂಕುಮದ ಭರಣಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿದಳು.

“ಎಲ್ಲಾ ಬಂದ್ ಮಾಡ್ರಿ. ಪೂಜಿ.”

“ಅವ್ವಾ, ಒಂದು ತಾಸು ತಡೀ. ಇದೊಂದು ಹಾಕಿಬಿಡ್ತೀನಿ,” ಎಂದ ಗನಿ.

“ನಾ ತಡೀತೀನೋ ತಮ್ಮಾ. ಒಂಬತ್ತಕ್ಕ ರಾಹುಕಾಲ ಬರ್ತೈತಿ, ಅದು ತಡಿಯೂದಿಲ್ಲ.”

ಗನಿ ಮಷೀನು ಆರಿಸಿ ಎದ್ದ. ಮೂವತ್ತು ವರ್ಷ ಆ ಪೂಜೆಯಲ್ಲಿ ಮೊದಲು ಹಲಗೆ ಏರುತ್ತಿದ್ದದ್ದು ಗನಿಯ ಸ್ಕ್ರೂಡ್ರೈವರ್. ಅವನೇ ತನ್ನ ಕೈಯಾರೆ ತೊಳೆದು ಇಡುತ್ತಿದ್ದ. ಈ ಸಲವೂ ಇಟ್ಟ. ಬೆಸುಗೆ ಹಾಕುವ ಕಾವಿಗೆ, ಮೀಟರಿಗೆ, ಕಂಪ್ಯೂಟರುಗಳಿಗೆ ಹೂವು ಏರಿತು. ಸಿಡಿಯನ್ನೂ ಅವನೇ ತೆಗೆದು ಹಲಗೆಯ ಮೇಲಿಟ್ಟ, ಅದು ಈಗ ಎಲ್ಲಕ್ಕಿಂತ ದೊಡ್ಡ ಆಯುಧ. ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಿಗ್ಗೆಯವರೆಗೆ ಯಾರೂ ಎತ್ತುವಂತಿಲ್ಲ. ಲಕ್ಕಪ್ಪ ಕಾಯಿ ಒಡೆದ. ಶಟರ್ ಎಳೆದು ಎಲ್ಲರೂ ಮನೆಗೆ ಹೋದರು. ಗನಿ ಉಣಕಲ್ಲಿನ ಬಸ್ಸಿನಲ್ಲಿ ಕಂಡಕ್ಟರನಿಗೂ ತನ್ನ ಆ ಒಂದೇ ಮಾತು ಹೇಳಿದನಂತೆ.

ದಸರೆಯ ಬೆಳಿಗ್ಗೆ ಏಳೂವರೆಗೆ ಶಿದ್ದಪ್ಪ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಟೆಂಪೋ ಸಮೇತ ಬಂದರು. ಗನಿ ಸಿಡಿ ಎತ್ತಿಕೊಂಡ. ಸಿಡಿಯ ಹೊಳೆಯುವ ಬದಿಯ ತುಂಬ, ಈ ಅಂಚಿನಿಂದ ಆ ಅಂಚಿಗೆ, ಮೂರು ಬೆರಳಿನ ವಿಭೂತಿ ಪಟ್ಟೆಗಳು. ನಡುವೆ ದುಂಡಗೆ ಕುಂಕುಮ. ಒಣಗಿ ಕೂತಿತ್ತು.

ಗನಿ ಒಂದು ಕ್ಷಣವೂ ಯೋಚಿಸಲಿಲ್ಲ. ಇಪ್ಪತ್ತು ವರ್ಷ ಟೇಪ್ ರೆಕಾರ್ಡರಿನ ಹೆಡ್ಡು ಒರೆಸಿದ ಕೈ ಅದು. ಹತ್ತಿಗೆ ಸ್ಪಿರಿಟ್ ಹಚ್ಚಿ, ಒತ್ತಿ, ಗರಗರನೆ ಸುತ್ತ ತಿರುವಿ ಒರೆಸಿದ. ವಿಭೂತಿ ಎಂದರೆ ಬೂದಿ. ಬೂದಿಯಿಂದ ಪಾತ್ರೆ ತಿಕ್ಕುತ್ತಾರೆ. ಸಿಡಿ ಸ್ವಚ್ಛವಾಯಿತು, ಅದರ ಮೇಲೆ ನೂರಾರು ಸಣ್ಣ ಗೀರುಗಳು ಗುಂಡಗೆ ಮೂಡಿದವು. ಮಷೀನು ಅದನ್ನು ಕಾಲು ಭಾಗ ಓದಿ, ಕೆಮ್ಮಿದಂತೆ ಸದ್ದು ಮಾಡಿ, ಫೈಲು ಸಿಗುತ್ತಿಲ್ಲ ಎಂದು ನಿಂತಿತು. ಮತ್ತೆ ಹಾಕಿದ. ಮತ್ತೆ ಅಲ್ಲಿಯೇ ನಿಂತಿತು.

“ಅವ್ವಾ, ಬರದ ಕಡೆ ಹಚ್ಚಬೇಕಿಲ್ಲ? ಈ ಕಡೆ ಯಾಕ ಹಚ್ಚಿದಿ?” ಲಕ್ಕಪ್ಪ ದನಿ ಏರಿಸಿದ.

ಹೂವು ತೆಗೆಯಲು ಬಂದಿದ್ದ ಮುರಿಗೆವ್ವ ಅಳುಕಲಿಲ್ಲ. “ಹೊಳಿಯೂದು ಮಾರಿ. ಬರಕೊಂಡದ್ದು ಬೆನ್ನು. ಬೆನ್ನಿಗೆ ಯಾರರ ವಿಭೂತಿ ಹಚ್ಚತಾರೇನು? ನಾ ಹಚ್ಚಿದ್ದು ಬರೋಬರಿ ಐತಿ, ನೀವು ಒರಸಿದ್ದು ತಪ್ಪು.”

ತಪ್ಪು ಒರೆಸಿದ್ದೇ ಎಂದು ಗನಿಗೂ ಗೊತ್ತಿತ್ತು. ಅವನು ಖಾನೆಗಳನ್ನೆಲ್ಲ ಎಳೆದು ನೋಡಿದ. ಖಾಲಿ ಸಿಡಿ ಇಲ್ಲ. ದಸರೆಯ ದಿನ, ಅದೂ ಭಾನುವಾರ, ದುರ್ಗದಬೈಲಿನಲ್ಲಿ ಹೂವು, ಬಾಳೆಕಂಬ ಬಿಟ್ಟು ಬೇರೆ ಅಂಗಡಿ ತೆರೆದಿಲ್ಲ. ಮಾಸ್ತರರು ಗಡಿಯಾರ ನೋಡಿಕೊಂಡರು.

“ಹಂಗಾರ… ಹಂಗ ಡಬ್ಬಿ ಕಟ್ಟಿಬಿಡ್ರಿ ಗನಿಸಾಬ್ರ. ವಾಪಸ್ ಕೊಡೂದು ನಡೀತೈತಿ.”

ಗನಿ ಮನೆಗೆ ಫೋನು ಮಾಡಿದ. “ಬೇಟಾ, ಮನ್ಯಾಗ ಖಾಲಿ ಸಿಡಿ ಅದಾವೇನು?”

“ಖಾಲಿ ಇಲ್ಲ ಅಬ್ಬಾ.” ಅಲ್ಫಿಯಾ ಸೇರಿಸಿದಳು: “ತುಂಬಿದ್ದು ಒಂದೈತಿ.”

“ಏನು ತುಂಬೀದಿ?”

“ಅದನ್ನ. ಗುರುವಾರ ರಾತ್ರೀನ ಮಾಡೀನಿ. ನಿಮ್ಮ ಸಿಡಿ ಆಗಲಿಲ್ಲ ಅಂದ್ರ ಇರಲಿ ಅಂತ. ಆದ್ರ ಅದನ್ನ ಆ ಮಷೀನಿಗೆ ಹಾಕಿ ನೋಡಿಲ್ಲ, ಅದು ನಡೀತೈತೋ ಇಲ್ಲೋ ನಾ ಹೇಳಾಕ ಬರೂದಿಲ್ಲ.”

ಲಕ್ಕಪ್ಪ ಗನಿಯ ಕೈಯಿಂದ ಫೋನು ಕಸಿದುಕೊಂಡು ಕೂಗಿದ: “ಲಗೂ ಬಾರವಾ, ಆಟೋ ಹಿಡಕೊಂಡು ಬಾ!”

ಎಂಟೂ ಕಾಲಿಗೆ ಅವಳು ಬಂದಳು. ಸಿಡಿ ಹಳೆಯ ನೋಟ್‌ಬುಕ್ಕಿನ ಹಾಳೆಗಳ ನಡುವೆ ಇತ್ತು. ಗನಿ ಅಭ್ಯಾಸದಂತೆ ಕೈ ಚಾಚಿದ. ಅವಳು ಕೊಡಲು ಮುಂದಾದಳು. ಆಗ ಅವನು ಕೈ ಹಿಂದಕ್ಕೆ ತೆಗೆದು, ಸ್ಟೂಲಿನಿಂದ ಎದ್ದು, ಅದರ ಮೇಲಿನ ಧೂಳನ್ನು ಟವೆಲಿನಿಂದ ಹೊಡೆದ.

“ಕೂಡು. ನೀನ ಹಾಕು.”

ಲಕ್ಕಪ್ಪ ಮಾಸ್ತರರ ಜೊತೆಗಿನ ಮಾತು ಮರೆತು ನೋಡಿದ. ಅಲ್ಫಿಯಾ ಓಢಣಿ ಹಿಂದೆ ಸರಿಸಿ ಕೂತಳು. ಸ್ಟೂಲು ಅವಳಿಗೆ ಎತ್ತರವಾಯಿತು, ಕಾಲು ನೆಲಕ್ಕೆ ತಾಗಲಿಲ್ಲ. ಸಿಡಿ ಒಳಗೆ ಹೋಯಿತು. ನೀಲಿ ಪರದೆ. ಬಿಳಿ ಸಾಲುಗಳು. ಆ ಎರಡು ನಿಮಿಷ ಮುರಿಗೆವ್ವ ಕೂಡ ಹೂವು ಆರಿಸುವುದನ್ನು ನಿಲ್ಲಿಸಿದ್ದಳು.

ಹಾರ್ಡ್ ಡಿಸ್ಕಿನ ಹೆಸರು ಬಂತು.

ಅಲ್ಫಿಯಾ ಹಿಗ್ಗಲಿಲ್ಲ. “ಇಲ್ಲಿತನ ನಿಮ್ಮದೂ ಬಂದಿತ್ತಲ್ಲ ಅಬ್ಬಾ. ಇನ್ನೂ ನೋಡೂಣ,” ಎಂದಳು. ಫೈಲುಗಳು ಇಳಿದವು, ಮಷೀನು ಒಮ್ಮೆ ಆರಿ ಎದ್ದಿತು. ಹೊಸ ಚಿಪ್ಪಿನ ಗುರುತು ಸಿಗದಿದ್ದರೆ ಮಷೀನು ಇಲ್ಲಿ ಇನ್ನೊಮ್ಮೆ ಬೀಳುತ್ತದೆ. ಬೀಳಲಿಲ್ಲ. ಇನ್ನು ಮೂವತ್ತೊಂಬತ್ತು ನಿಮಿಷ ಎಂದು ಪರದೆಯ ಮೂಲೆಯಲ್ಲಿ ಬಂತು. ಆಗ ಅವಳು ಮೂರನೆಯ ಸಿಡಿಗೆ ಏನಾಯಿತೆಂದು ಕೇಳಿ ತಿಳಿದುಕೊಂಡಳು, “ನಳದ ನೀರಾಗ ಹಿಡದಿದ್ರ ಸಾಕಿತ್ತಲ್ಲ ಅಬ್ಬಾ,” ಎಂದಳು.

“ಹೇಳಿದ್ನಿಲ್ಲ?” ಎಂದಳು ಮುರಿಗೆವ್ವ.

ಆ ಮೂವತ್ತೊಂಬತ್ತು ನಿಮಿಷ ಎಲ್ಲಿಯೂ ಮೂವತ್ತೊಂಬತ್ತು ಇರುವುದಿಲ್ಲ. ಆದರೂ ಒಂಬತ್ತೂವರೆಗೆ ಟೈಪಿಂಗ್ ಪ್ರೋಗ್ರಾಂ ಕೂಡ ಕೂತಿತು. ಟೆಂಪೋದಲ್ಲಿ ಮಾಸ್ತರರು ಮುಂದೆ, ಅಪ್ಪ ಮಗಳು ಹಿಂದೆ ಮಷೀನನ್ನು ಮಗುವಿನಂತೆ ನಡುವೆ ಹಿಡಿದುಕೊಂಡು ಹೋದರು. ಧಾರವಾಡ ದಾಟಿದ ಮೇಲೆ ಗನಿ ಒಂದೇ ಪ್ರಶ್ನೆ ಕೇಳಿದ: “ಗುರುವಾರನ ಮಾಡಿದ್ದಿ. ಹೇಳಲಿಲ್ಲ ಯಾಕ?”

“ನೀವು ಮಾಡ್ತೀನಿ ಅಂದಿದ್ರಲ್ಲ.”

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅಮ್ಮಿನಬಾವಿ ಮುಟ್ಟಿದರು. ವಾಚನಾಲಯದ ಪಡಸಾಲೆಯಲ್ಲಿ ಮೂವತ್ತು ನಲವತ್ತು ಜನ, ಹುಡುಗಿಯರೆಲ್ಲ ಮುಂದೆ. ದೀಪ ಹಚ್ಚಿದರು, ಮಷೀನು ಚಾಲೂ ಆಯಿತು, ಒಬ್ಬ ಹುಡುಗಿ ಪರದೆಯ ಮೇಲೆ ‘ಅ’ ಮೂಡಿಸಿದಳು. ಚಪ್ಪಾಳೆ. ಶಿದ್ದಪ್ಪ ಮಾಸ್ತರರು ಮೈಕು ಹಿಡಿದು, ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಮಾತಾಡಿದ ದನಿಯಲ್ಲಿ ಆರಂಭಿಸಿದರು: “ಈ ಯಂತ್ರವನ್ನು ತಮ್ಮ ಅಪಾರ ಅನುಭವದಿಂದ ನಡೆಯುವಂತೆ ಮಾಡಿಕೊಟ್ಟ ಹುಬ್ಬಳ್ಳಿಯ ಜನಾಬ್ ಅಬ್ದುಲಗನಿಯವರು…”

“ನಾ ಅಲ್ರಿ,” ಎಂದ ಗನಿ ಕೂತಲ್ಲಿಂದಲೇ.

ಮಾಸ್ತರರು ನಿಂತರು. ಗನಿ ಎದ್ದ. ಮೈಕು ಬೇಡವೆಂದ, ಅವನ ಗಂಟಲಿಗೆ ಅದು ಬೇಕಾಗಿಯೂ ಇರಲಿಲ್ಲ.

“ನಾ ಮೂರು ಸಿಡಿ ಕೆಡಿಸೀನ್ರಿ. ನಡೆದದ್ದು ನಾಲ್ಕನೇದ್ದು. ಅದನ್ನ ಮಾಡಿದಾಕಿ ನನ್ನ ಮಗಳು, ಅಲ್ಫಿಯಾ. ಇಕೀನ. ಏಳವಾ, ನಿಲ್ಲು.”

ಅವಳು ಎದ್ದಳು, ಕಿವಿ ಕೆಂಪಾಗಿದ್ದವು. ಏನು ಮಾಡಿದಿರಿ ಹೇಳಿ ಎಂದು ಮಾಸ್ತರರು ಮೈಕು ಅವಳ ಕೈಗೆ ಕೊಟ್ಟರು. ಅವಳು ನೆಲ ನೋಡುತ್ತ ಬೇಗಬೇಗ ಹೇಳಿದಳು: “ಈ ಕಂಪ್ಯೂಟರಿನ ಕಂಟ್ರೋಲರ್ ಹೊಸಾದ್ರಿ. ಅದರ ಡ್ರೈವರ್ ಹಳೇ ಸಿಡಿಯೊಳಗ ಇರಲಿಲ್ಲ. ನಾ ಸೇರಿಸಿದೆ. ಅಷ್ಟರಿ.”

ಕೂತುಬಿಟ್ಟಳು. ಯಾರಿಗೂ ಏನೂ ತಿಳಿಯಲಿಲ್ಲವೆಂಬುದು ಚಪ್ಪಾಳೆಯ ಜೋರಿನಿಂದಲೇ ಗೊತ್ತಾಗುತ್ತಿತ್ತು. ಮುಂದಿನ ಸಾಲಿನ ಹುಡುಗಿಯರು ಮಾತ್ರ ಹೊರಳಿ ಹೊರಳಿ ಅವಳನ್ನೇ ನೋಡುತ್ತಿದ್ದರು.

ಗನಿ ಇನ್ನೂ ನಿಂತೇ ಇದ್ದ. ಮಾಸ್ತರರ ಕಡೆ ಬಗ್ಗಿ, ಗುಟ್ಟಿನಲ್ಲಿ ಹೇಳುತ್ತೇನೆಂದುಕೊಂಡು ಇಡೀ ಪಡಸಾಲೆಗೆ ಕೇಳುವಂತೆ ಹೇಳಿದ:

“ಇನ್ನೊಮ್ಮೆ ಹೇಳಸ್ರಿ ಮಾಸ್ತರ. ಹಿಂದಿನವ್ರಿಗೆ ಕೇಳಿಲ್ಲ.”