ಬೋರಿನ ಅಂಗಳ

"ಬೆನ್ನಿಗೆ ದಿಂಬು ಕೊಡ್ರಿ, ಮತ್ತ ಮುಂದಕ್ಕ ಬೀಳಾಕತ್ಯಾಳ!" ಎಂದು ಬಳಗದ ಹಿರಿಯ ಅಂದಾನಪ್ಪ ಕೂಗಿದ.

ಯಾವಗಲ್ ಊರಿನ ಆ ಮನೆಯ ಪಡಸಾಲೆಯಲ್ಲಿ ರೇಣುಕವ್ವನ ಹೆಣವನ್ನು ಗೋಡೆಗೆ ಆನಿಸಲು ಹೆಣಗಾಟ ನಡೆದಿತ್ತು. ಸತ್ತವರನ್ನು ಕೂರಿಸಿ ಪೂಜಿಸಿ, ಕೂರಿಸಿಯೇ ಮಣ್ಣು ಮಾಡುವುದು ಅವರ ಪದ್ಧತಿ. ಆದರೆ ಕುಡುಗೋಲಿನಂತೆ ಬಾಗಿ ಬಿಗಿದುಹೋಗಿದ್ದ ಬೆನ್ನು ಈಗ ಯಾರ ಮಾತು ಕೇಳೀತು?

ಸತ್ತವಳ ಮೈದುನನ ಹೆಂಡತಿ ನೀಲಗಂಗವ್ವ ಕಂಬಕ್ಕೆ ಒರಗಿ ನೋಡುತ್ತಿದ್ದಳು. ಅಳು ಬಂದಿರಲಿಲ್ಲ.

"ನೀರಡಿಸಿ ಬಂದವ್ರನ್ನ ಒಬ್ಬರನ್ನೂ ಹಂಗ ಕಳಿಸಲಿಲ್ಲವ್ವಾ ಈ ತಾಯಿ," ಎಂದು ಪಕ್ಕದ ಮನೆಯ ಅನ್ನಪೂರ್ಣಾ ಸೆರಗಿನಿಂದ ಮೂಗು ಒರೆಸಿಕೊಂಡಳು.

ನನ್ನನ್ನು ಕಳಿಸಿದ್ದಳಲ್ಲ! ನೀಲಗಂಗವ್ವನ ಹೊಟ್ಟೆ ಉರಿಯಿತು. ಸತ್ತ ಮೇಲೂ ಹೊಗಳಿಕೆಯೆಲ್ಲ ಆಕೆಗೇ.

*

ಅಣ್ಣತಮ್ಮಂದಿರು ಬೇರೆಯಾದಾಗ ಬೋರು ಇದ್ದ ಅಂಗಳ ಹಿರಿಯವನ ಪಾಲಿಗೆ ಹೋಯಿತು. ಮರುದಿನ ಕೊಡ ಹಿಡಿದು ಹೋದ ನೀಲಗಂಗವ್ವನಿಗೆ, "ಪಾಲು ಆಗ್ಯಾವಲ್ಲ, ನಿನ್ನ ನೀರು ನೀ ನೋಡ್ಕೋ," ಎಂದು ರೇಣುಕವ್ವ ಅಗಳಿ ಹಾಕಿದಳು. ಅಂದಿನಿಂದ ಇವಳ ಪಾಲಿಗೆ ದೂರದ ಕೆರೆ. ಅಂಗಳದಲ್ಲೇ ನೀರು ತುಂಬಿಕೊಳ್ಳುವವಳನ್ನು ಕಂಡಾಗಲೆಲ್ಲ ಒಳಗೆ ಕೊತಕೊತ ಕುದಿಯುತ್ತಿತ್ತು.

ವರ್ಷಗಳು ಕಳೆದ ಮೇಲೆ ನೀರು ಪರೀಕ್ಷೆಯವರು ಬಂದು ಬೋರಿಗೆ ಕೆಂಪು ಬಣ್ಣ ಬಳಿದರು. ನೆಲದೊಳಗಿನ ಕಲ್ಲಿನ ಫ್ಲೋರೈಡು ನೀರಿಗೆ ಇಳಿದಿದೆಯಂತೆ. ಕುಡಿದರೆ ಎಲುಬು ಬಿಗಿಯುತ್ತವಂತೆ. ಅಷ್ಟರಲ್ಲಿ ರೇಣುಕವ್ವ ಬಾಗತೊಡಗಿದ್ದಳು. ಮಗ ಕೊಟ್ರೇಶನ ಹಲ್ಲು ಚಿಕ್ಕಂದಿನಲ್ಲೇ ಕಂದಾಗಿದ್ದವು. ಅವತ್ತು ನೀಲಗಂಗವ್ವ ಬೇಕೆಂದೇ ತುಂಬಿದ ಕೊಡ ತಲೆಯ ಮೇಲಿಟ್ಟು, ಬೆನ್ನು ಸೆಟೆಸಿ, ಆ ಬಾಗಿಲ ಮುಂದೆ ಎರಡು ಸಲ ಹಾದುಹೋದಳು.

*

"ಚಿಗವ್ವಾ," ಎಂದು ಕೊಟ್ರೇಶ ಪಕ್ಕದಲ್ಲಿ ಬಂದು ನಿಂತ. "ಊರಾಗ ಶುದ್ಧ ನೀರಿನ ಘಟಕ ಆದ ಮ್ಯಾಲೆ ನಾವೆಲ್ಲ ಅದನ್ನ ಕುಡದ್ವಿ. ಅವ್ವ ಮಾತ್ರ ಮುಟ್ಟಲಿಲ್ಲ."

"ಯಾಕಪ್ಪಾ?"

"ಬಾಗಲದಾಗ ನೀರಿನ ಕ್ಯಾನ್ ಇಳಿಯೋದನ್ನ ಕಂಡ್ರ ನೀಲಗಂಗಿ ನಗತಾಳ ಅಂತಿದ್ಲು. ಕಡೀತನಕ ಬೋರಿನ ನೀರನ್ನ ಕುಡದ್ಲು."

ನೀಲಗಂಗವ್ವನಿಗೆ ಮೊದಲು ಹಿಗ್ಗಾಯಿತು. ಅಂಗಳದಲ್ಲೇ ಬೋರಿದ್ದವಳು ತನ್ನನ್ನು ಕಂಡು ಉರಿದಿದ್ದಳು! ಮರುಕ್ಷಣವೇ ಆ ಹಿಗ್ಗಿಗೆ ತಾನೇ ಹೆದರಿದಳು. ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ಕ್ಯಾನ್ ಕಂಡಿದ್ದರೆ ತಾನು ಖಂಡಿತ ನಗುತ್ತಿದ್ದಳು.

"ಹಗ್ಗ ತರ್ರಿ, ಗ್ವಾಡಿ ಗೂಟಕ್ಕ ಕಟ್ಟೂಣು," ಎಂದ ಅಂದಾನಪ್ಪ.

"ಹಗ್ಗ ಬ್ಯಾಡ. ಸರೀರಿ."

ನೀಲಗಂಗವ್ವ ಗೋಡೆಗೂ ಹೆಣಕ್ಕೂ ನಡುವೆ ಕುಳಿತಳು. ಕಂಕುಳಲ್ಲಿ ಕೈ ತೂರಿಸಿ, ಬಾಗಿದ ಬೆನ್ನನ್ನು ಎದೆಗೆ ಎಳೆದುಕೊಂಡಳು. ಯಾರೋ ಇಬ್ಬರ ಮೇಲೂ ಶಾಲು ಹೊದಿಸಿದರು. ಭಜನೆ ಶುರುವಾಯಿತು. ಬಂದವರು ಹಾರ ಹಾಕಿ ರೇಣುಕವ್ವನ ಕಾಲಿಗೆ ಬಿದ್ದರು. ಹಿಂದಿನವಳ ಮುಖ ಯಾರಿಗೂ ಕಾಣಲಿಲ್ಲ. ಸತ್ತವಳ ಹೆಗಲು ಮಾತ್ರ ಬಿಕ್ಕಿ ಬಿಕ್ಕಿ ಕುಲುಕುತ್ತಿತ್ತು.