ದಾರ ಕಟ್ಟದ ಗಡಿಗೆ

ಎಳ್ಳಿನ ಡಬ್ಬಿ ಹುಡುಕುತ್ತ ಸತ್ಯಭಾಮಾಬಾಯಿ ಒಲೆಯ ಪಕ್ಕದ ಬೋಗುಣಿಯ ಮುಚ್ಚಳ ತೆಗೆದಳು. ತೆಗೆದ ಕೈ ಹಾಗೆಯೇ ನಿಂತಿತು. ಒಳಗೆ ಬೇಯಿಸಿದ ಸೊಪ್ಪಿತ್ತು. ಯಾರೋ ಎರಡು ತುತ್ತು ತಿಂದು ಉಳಿಸಿದಂತಿತ್ತು.

ಪಡಸಾಲೆಯಲ್ಲಿ ಅವಳ ಅಣ್ಣನ ಹೆಂಡತಿ ಅಹಲ್ಯಾಬಾಯಿ ದರ್ಭೆಯ ಮೇಲೆ ಮಲಗಿದ್ದಳು. ನಿನ್ನೆ ಮಳೆ ಜೋರಾಯಿತೆಂದು ಮಾಳಿಗೆಯ ಮೇಲಿನ ಗಿಡದ ಗಡಿಗೆಗಳನ್ನು ಮರೆಗೆ ಸರಿಸಲು ಹೋಗಿ, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದವಳು ಮತ್ತೆ ಮಾತಾಡಲಿಲ್ಲ. ಸಂಜೆಗೆ ಜೀವ ಹೋಯಿತು. ಸುದ್ದಿ ಮುಟ್ಟಿದ ಸತ್ಯಭಾಮಾಬಾಯಿ ಬೆಳಗಿನ ಮೊದಲ ಮೋಟಾರಿಗೆ ಮಾನ್ವಿಯಿಂದ ರಾಯಚೂರಿಗೆ ಬಂದಿಳಿದಿದ್ದಳು. ಅಳುವಷ್ಟು ಅತ್ತು, ಮೂಗು ಒರೆಸಿಕೊಂಡು, ಮನೆಯ ಯಜಮಾನಿಕೆ ಕೈಗೆ ತೆಗೆದುಕೊಂಡಿದ್ದಳು. ಸಾವಿನ ಮನೆಯಲ್ಲಿ ಕೆಲಸ ಹೇಳುವುದರಲ್ಲಿ ಅವಳನ್ನು ಮೀರಿಸುವವರು ಅವರ ಬಳಗದಲ್ಲಿ ಯಾರೂ ಇರಲಿಲ್ಲ.

"ತುಂಗಾ, ಇಲ್ಲಿ ಬಾ. ಏನಿದು?"

ಅಹಲ್ಯಾಬಾಯಿಯ ಸೊಸೆ ತುಂಗಾಬಾಯಿ ಬೋಗುಣಿ ನೋಡಿ ತಲೆ ತಗ್ಗಿಸಿದಳು. "ಪಲ್ಯಾ, ಅತ್ಯಾ."

"ಪಲ್ಯಾ ಅನ್ನೋದು ನನಗೂ ಕಾಣ್ತದ. ಶಾಕವ್ರತದಾಗ ಈ ಮನ್ಯಾಗ ಪಲ್ಯಾ ಯಾಕ ಅದ?"

ಆಷಾಢದ ಏಕಾದಶಿಯಿಂದ ಒಂದು ತಿಂಗಳು ಅವರಲ್ಲಿ ಸೊಪ್ಪು, ಕಾಯಿಪಲ್ಯ ಬಾಯಿಗೆ ಹೋಗುವಂತಿಲ್ಲ. ಮನೆಯ ಮಗ ಜಗನ್ನಾಥ ಗುಡಿಯ ಅರ್ಚಕ. ಬೋಗುಣಿಯೋ, ತಲೆ ಬೋಳಿಸಿಕೊಂಡು ಇಪ್ಪತ್ತು ವರ್ಷ ಮಡಿಯಲ್ಲಿ ಬದುಕಿದ ಅಹಲ್ಯಾಬಾಯಿಯದು. ಅದನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ.

ಸತ್ಯಭಾಮಾಬಾಯಿ ಬೋಗುಣಿಯನ್ನು ಪಡಸಾಲೆಗೇ ಹೊತ್ತು ತಂದಳು. ಪುರೋಹಿತ ಹನುಮಂತಾಚಾರ್ಯರು ಮಂತ್ರ ನಿಲ್ಲಿಸಿದರು.

"ಆಚಾರ್ರ, ನಮ್ಮ ವೈನಿ ವ್ರತ ಕೆಡಿಸಿಕೊಂಡು ಹೋಗ್ಯಾಳ. ಇಂಥಾ ತಪ್ಪು ಅಂತ ಹೆಸರು ಹಿಡದು ಪ್ರಾಯಶ್ಚಿತ್ತ ಹೇಳಸ್ರಿ. ಆಮ್ಯಾಲ ಎತ್ತೋಣಂತ."

ಅದು ಹೊಟ್ಟೆಕಿಚ್ಚಿನ ಮಾತಾಗಿರಲಿಲ್ಲ. ಎಂಟು ವರ್ಷದವಳಾಗಿದ್ದಾಗಿನಿಂದ ತನ್ನ ತಲೆ ಬಾಚಿ ಹೂ ಮುಡಿಸಿದ್ದ ವೈನಿಗೆ ಮುಂದೆ ದಾರಿ ಸಿಗದೆ ಹೋದರೆ ಎಂಬ ಭಯ ಅವಳ ದನಿಯಲ್ಲೇ ನಡುಗುತ್ತಿತ್ತು. ಆದರೆ ಜಗನ್ನಾಥನ ಮುಖ ಬಿಳಿಚಿಕೊಂಡಿತು. ಇಷ್ಟು ಜನರೆದುರು ತಾಯಿಯ ತಪ್ಪನ್ನು ಕೂಗಿ ಹೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಅವಳು ಮಡಿಯಲ್ಲಿ ಕಳೆದ ಇಪ್ಪತ್ತು ವರ್ಷ ಬರೀ ನಾಟಕವೆಂದು ಜನ ಆಡಿಕೊಳ್ಳುತ್ತಾರೆ.

"ಅವರಲ್ಲ, ನಾ ತಿಂದೀನಿ," ಎಂದಳು ತುಂಗಾಬಾಯಿ.

"ನೀನು? ಅಕಿ ಮಡಿ ಬೋಗುಣಿ ಮುಟ್ಟಿ?"

"ಹೂಂ. ಮುಟ್ಟೀನಿ."

ಒಂದು ತಪ್ಪು ಮುಚ್ಚಲು ಹೋಗಿ ಎರಡು ತಪ್ಪು ಹೊತ್ತುಕೊಂಡ ಹೆಂಡತಿಯನ್ನು ಜಗನ್ನಾಥ ಕಣ್ಣು ಬಿಟ್ಟು ನೋಡಿದ. ಅಷ್ಟರಲ್ಲಿ ಬಾಗಿಲಾಚೆ ಕುಳಿತಿದ್ದ ಬಂಡೆಮ್ಮ ಎದ್ದು ನಿಂತಳು. ಆ ಓಣಿಗೆಲ್ಲ ಸಗಣಿಯ ಕುಳ್ಳು ತಟ್ಟಿ ಮಾರುವವಳು ಅವಳು.

"ಸುಳ್ಳು ಹೇಳಬ್ಯಾಡ್ರಿ, ಯವ್ವಾ. ತಿಂದಾವರು ಅವ್ವಾರ. ಈ ವರ್ಷ ಒಂದಲ್ಲ, ಮೂರು ವರ್ಷ ಆತು. ಯಾಕ ತಿಂದ್ರು ಅಂತ ನನಗ ಗೊತ್ತದ."

*

ಮೂರು ವರ್ಷದ ಹಿಂದೆ, ಯುದ್ಧದ ದಿನಗಳಲ್ಲಿ, ಕೈಯಲ್ಲಿ ದುಡ್ಡಿದ್ದರೂ ಜೋಳ ಸಿಗದಂತಾಗಿತ್ತು. ಓಣಿಯ ಹೆಂಗಸರು ಹೊಲದ ಬದುವಿನಲ್ಲಿ ಸೊಪ್ಪು ಹುಡುಕಲು ಹೋಗತೊಡಗಿದರು. ದೇವದುರ್ಗದ ಕಡೆಯ ಮಸರಕಲ್ಲಿನಲ್ಲಿ ಹುಟ್ಟಿ ಬೆಳೆದ ಬಂಡೆಮ್ಮನಿಗೆ ಕಿರಕಸಾಲಿ, ಹಕ್ಕರಕಿ, ಗೋಳಿ ಮೊದಲಾದ ಸೊಪ್ಪುಗಳೆಲ್ಲ ಗೊತ್ತಿದ್ದವು. ಆದರೆ ಹಸಿದವರ ಕೈ ಗೊತ್ತಿಲ್ಲದ್ದನ್ನೂ ಕೀಳುತ್ತದೆ. ಟಾಂಗಾ ಹೊಡೆಯುವ ಮಲಂಗಸಾಬನ ಹೆಂಡತಿ ಜಾಹೆದಾ ಯಾವುದೋ ಎಲೆ ತಂದು ಬೇಯಿಸಿದಳು; ಅದನ್ನು ತಿಂದು ಮನೆಮಂದಿಯೆಲ್ಲ ಎರಡು ದಿನ ವಾಂತಿ ಮಾಡಿಕೊಂಡರು. ಕೂಸು ಉಳಿದದ್ದೇ ದೊಡ್ಡದು.

ಆ ಕೂಸಿನ ಅಳು ಮಾಳಿಗೆಯ ಮೇಲೆ ಕುಳಿತು ದೇವರ ಬತ್ತಿ ಹೊಸೆಯುತ್ತಿದ್ದ ಅಹಲ್ಯಾಬಾಯಿಗೆ ಕೇಳಿಸಿತ್ತು. ಮರುದಿನ ಬಂಡೆಮ್ಮನನ್ನು ಕರೆದು, "ಹೊಲದಾಗಿನ ಗಿಡಾ ಒಂದೊಂದ ಬೇರು ಸಮೇತ ತಂದು ಕಟ್ಟಿ ಮ್ಯಾಲ ಇಡು" ಎಂದಳು. ಮಡಿ ಹೆಂಗಸು ಹೊಲ ಅಲೆಯುವಂತಿರಲಿಲ್ಲ; ಹೊಲವೇ ಅವಳ ಮಾಳಿಗೆಗೆ ಬಂತು. ಬಿರುಕು ಬಿಟ್ಟ ಗಡಿಗೆ, ಘಾಸಲೇಟ್ ಎಣ್ಣೆಯ ಖಾಲಿ ಡಬ್ಬಿ, ಕಿವಿ ಮುರಿದ ಉಪ್ಪಿನಕಾಯಿ ಭರಣಿ, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಗಿಡ ನೆಟ್ಟಳು. ನೆಟ್ಟದ್ದು ಚಿಗುರಿದ ದಿನ ಅವಳ ಸಂಭ್ರಮ ನೋಡಬೇಕಿತ್ತು. "ತುಂಗಾ, ಲಗೂ ಬಾ, ಹಕ್ಕರಕಿ ಎರಡು ಎಲಿ ಬಿಟ್ಟದ!" ಎಂದು, ಒಲೆಯ ಮೇಲೆ ಹಾಲಿಟ್ಟ ಸೊಸೆಯನ್ನು ಮೇಲಕ್ಕೆ ಕರೆಯುತ್ತಿದ್ದಳು. ಹಾಲು ಎಷ್ಟೋ ಸಲ ಉಕ್ಕಿ ಹೋಯಿತು. ಮದುವೆಯಾಗಿ ಬಂದಮೇಲೆ ಅತ್ತೆ ನಕ್ಕದ್ದನ್ನು ತುಂಗಾಬಾಯಿ ಮೊದಲು ಕಂಡದ್ದು ಆ ಗಡಿಗೆಗಳ ನಡುವೆ.

ಗೊತ್ತಿಲ್ಲದ ಗಿಡಕ್ಕೆ ಅವಳದೊಂದು ಪದ್ಧತಿಯಿತ್ತು. ಮೊದಲ ದಿನ ಚಿಟಿಕೆಯಷ್ಟು, ಎರಡನೆಯ ದಿನ ಎರಡು ತುತ್ತು, ಮೂರನೆಯ ದಿನ ಹೊಟ್ಟೆ ತುಂಬ. ಏನೂ ಆಗದಿದ್ದರೆ ಬತ್ತಿಯ ಹತ್ತಿಯಿಂದ ದಾರ ಹೊಸೆದು ಆ ಗಡಿಗೆಯ ಕೊರಳಿಗೆ ಕಟ್ಟುವುದು. ಕೊರಳಿಗೆ ದಾರ ಬಿತ್ತೆಂದರೆ ಓಣಿಯವರು ಆ ಸೊಪ್ಪು ಧೈರ್ಯವಾಗಿ ತಿನ್ನಬಹುದು.

"ನಾ ತಿಂದು ನೋಡತೀನಿ ಬಿಡ್ರಿ. ನಿಮಗ ವ್ರತ ಅದ," ಎಂದಿದ್ದಳು ಬಂಡೆಮ್ಮ.

"ನಿನಗ ಮೂರು ಮಕ್ಕಳದಾವ. ನಾ ಹೋದ್ರ ಯಾರ ಹೊಟ್ಟಿಗೂ ಕಡಿಮಿ ಆಗಂಗಿಲ್ಲ."

"ವ್ರತಾ ಮುಗದ ಮ್ಯಾಲಾದ್ರೂ ತಿನ್ರಿ."

"ಮಳಿ ಬಿದ್ದು ಇವು ಹುಟ್ಟೋದ ಈ ತಿಂಗಳ್ದಾಗ. ನನ್ನ ವ್ರತ ಮುಗಿಯೂತನಕ ಹಸದಾವರು ಕಾಯ್ತಾರೇನು? ದೇವರಿಗೆ ನಾ ಹೇಳ್ಕೋತೀನಿ. ಜಗನ್ನಾಥಗ ಮಾತ್ರ ಹೇಳಬ್ಯಾಡ, ಮನಸಿಗೆ ಹಚ್ಚಿಕೋತಾನ."

*

ಬಂಡೆಮ್ಮ ಹೇಳಿ ಮುಗಿಸಿದಳು. ಹೋದ ವರ್ಷ, ಅದರ ಹಿಂದಿನ ವರ್ಷ, ಇದೇ ತಿಂಗಳಲ್ಲಿ ತಾಯಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದು ಜಗನ್ನಾಥನಿಗೆ ನೆನಪಾಯಿತು. ಅಜೀರ್ಣ ಎಂದಿದ್ದಳು. ತಾನು ಶುಂಠಿ ಕಷಾಯ ಕುಡಿಸಿ ಗುಡಿಗೆ ಹೋಗಿದ್ದ.

"ಪ್ರಾಯಶ್ಚಿತ್ತ ಏನಂತ ಹೇಳಸಲಿ?" ಎಂದು ಹನುಮಂತಾಚಾರ್ಯರು ಮೆಲ್ಲಗೆ ಕೇಳಿದರು.

"ಸತ್ತವರೆಲ್ಲಾರಿಗೂ ಹೇಳಸೋದ ಹೇಳಸ್ರಿ, ಆಚಾರ್ರ. ಒಂದಕ್ಷರ ಹೆಚ್ಚಿಗಿ ಬ್ಯಾಡ," ಎಂದ ಜಗನ್ನಾಥ. ತಾಯಿಯ ಬಾಯಿಗೆ ತುಳಸಿಯೆಲೆ ಇಡುವಾಗ ಚಿಕ್ಕ ಮಗುವಿನಂತೆ ಗಟ್ಟಿಯಾಗಿ ಅತ್ತ.

ಬೋಗುಣಿ ಇನ್ನೂ ಸತ್ಯಭಾಮಾಬಾಯಿಯ ಕೈಯಲ್ಲೇ ಇತ್ತು.

ಹೆಣ ಎತ್ತಿಕೊಂಡು ಗಂಡಸರು ಹೋದರು. ತುಂಗಾಬಾಯಿ ಪಡಸಾಲೆ ತೊಳೆಯತೊಡಗಿದಳು. ಸತ್ಯಭಾಮಾಬಾಯಿ ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಏರಿ ಮಾಳಿಗೆಗೆ ಬಂದಳು. ಮಳೆ ನಿಂತಿತ್ತು. ಗಡಿಗೆ, ಡಬ್ಬಿ, ಭರಣಿಗಳಲ್ಲಿ ಗಿಡಗಳು ತೊಳೆದಿಟ್ಟಂತೆ ಹಸಿರಾಗಿದ್ದವು. ಕೊರಳಲ್ಲಿ ಬಿಳಿ ದಾರ. ತುದಿಯಲ್ಲಿದ್ದ ಒಂದು ಗಡಿಗೆಗೆ ಮಾತ್ರ ದಾರವಿರಲಿಲ್ಲ. ಅದರ ಎಲೆಗಳು ಸಣ್ಣವು, ಅಂಚು ಕೆಂಪು.

ಕೆಳಗೆ ಓಣಿಯಲ್ಲಿ ಬಂಡೆಮ್ಮ ಇನ್ನೂ ನಿಂತಿದ್ದಳು. ಪಕ್ಕದಲ್ಲಿ ಸೆರಗು ತಲೆಗೆಳೆದುಕೊಂಡು ಜಾಹೆದಾ.

"ಬಂಡೆಮ್ಮಾ, ಈ ತುದೀ ಗಡಿಗ್ಯಾಗಿಂದು ಯಾವುದು?"

"ಹೆಸರು ಗೊತ್ತಿಲ್ರಿ. ಜೋಳ ಈಗೂ ಸಿಗವಲ್ದು, ಉಳದ ಪಲ್ಯಾ ಎಲ್ಲಾ ಈ ಮಳಿಗೆ ಕೊಳತು ಹೋತು. ಬದುವಿನ ಮ್ಯಾಲ ಅದೊಂದ ರಗಡ ಬೆಳದದ. ನಿನ್ನಿಗೆ ಎರಡು ದಿನ ತಿಂದಿದ್ರು. ಇವತ್ತು ಮೂರನೇದು." ಬಂಡೆಮ್ಮ ಜಾಹೆದಾಳ ಕಡೆ ನೋಡಿದಳು. "ನಾಳಿ ಹೇಳತೀನಿ ಅಂದಿದ್ರು. ಈ ಜಾಹೆದಾ, ಓಣ್ಯಾಗ ಎಲ್ಲಾರೂ ಕಾಯಾಕತ್ತಾರ್ರಿ."

ಸತ್ಯಭಾಮಾಬಾಯಿ ಆ ಗಿಡದ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ವ್ರತ ಹಿಡಿದು ಮೂವತ್ತು ವರ್ಷದಲ್ಲಿ ಅವಳು ಒಂದು ಕೊತ್ತಂಬರಿ ಎಲೆ ಕೂಡ ಬಾಯಿಗೆ ಹಾಕಿದವಳಲ್ಲ. ಕೊನೆಗೆ ಗಡಿಗೆಯ ಪಕ್ಕ ಕುಕ್ಕರಿಸಿ ಕುಳಿತು, ಸೆರಗಿನ ಮರೆಯಲ್ಲಿ ತಂದಿದ್ದ ಬೋಗುಣಿ ಹೊರಗೆ ತೆಗೆದಳು. ಮೂಸಿ ನೋಡಿದಳು. ಹಳಸಿರಲಿಲ್ಲ. ಅದೇ ಕೆಂಪಂಚಿನ ತಣ್ಣಗಿನ ಸೊಪ್ಪನ್ನು ತುತ್ತು ತುತ್ತಾಗಿ, ತಳ ಕಾಣುವ ತನಕ ತಿಂದಳು. ಕಣ್ಣೀರು ಬೋಗುಣಿಗೇ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಜಾಹೆದಾಗ ಹೇಳು," ಎಂದು ಓಣಿಯ ಕಡೆ ಕೂಗಿದಳು. "ನಾಳಿ ಹೊತ್ತೇರಿದ ಮ್ಯಾಲ ಬಾ ಅಂತ."

ಗೋಡೆಯ ಗೂಡಿನಲ್ಲಿ ಅಹಲ್ಯಾಬಾಯಿಯ ಬತ್ತಿಯ ಬುಟ್ಟಿ ಇತ್ತು. ಅದರಿಂದ ಹತ್ತಿ ಎಳೆದು, ತೊಡೆಯ ಮೇಲೆ ಹೊಸೆದು, ಗೇಣುದ್ದ ದಾರ ಮಾಡಿದಳು. ಕಟ್ಟಲಿಲ್ಲ. ಬೆರಳಿಗೆ ಸುತ್ತಿಕೊಂಡು, ಇನ್ನೊಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಗಡಿಗೆಯ ಪಕ್ಕದಲ್ಲೇ ಕುಳಿತಳು.